ಡ್ಯೂಟಿ ಪಟ್ಟಿಯಲ್ಲಿ ಬರೆಯದೇ ಉಳಿದದ್ದು

ಪ್ರತಿ ತಿಂಗಳು 25ನೇ ತಾರೀಖಿನ ಆಸುಪಾಸಿನಲ್ಲಿ, ಮಧ್ಯಾಹ್ನದ ಔಷಧಿ ಕೊಟ್ಟು ಮುಗಿದ ಮೇಲೆ, ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಬರೆಯಲು ಕೂರುತ್ತೇನೆ. ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಒಬ್ಬೊಬ್ಬರ ರಜೆ, ಮಕ್ಕಳ ಪರೀಕ್ಷೆ, ಊರಿನ ಜಾತ್ರೆ, ಮನೆಯ ಮದುವೆಗಳನ್ನೆಲ್ಲ ಹೊಂದಿಸಿ, ಆಮೇಲೆ ಪೆನ್ನಿನಲ್ಲಿ ತಿದ್ದುವುದು ನನ್ನ ರೂಢಿ. ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿ 27 ವರ್ಷಗಳಾದವು. ಈಗ ಪುರುಷರ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್ ಆಗಿದ್ದೇನೆ.

ಈ ಪಟ್ಟಿ ಬರೆಯುವಾಗ ನನ್ನ ಕೈ ಯಾರೂ ಹೇಳಿಕೊಡದ ಕೆಲವು ನಿಯಮಗಳನ್ನು ಪಾಲಿಸುತ್ತದೆ ಎಂಬುದನ್ನು ನಾನು ಗಮನಿಸಿದ್ದು ಹೋದ ವರ್ಷ. ಗಂಡು ಸಿಬ್ಬಂದಿಯ ಹೆಸರಿನ ಎದುರು ರಾತ್ರಿ ಪಾಳಿ ಹೆಚ್ಚಾಗಿ ಬೀಳುತ್ತಿತ್ತು, ಏಕೆಂದರೆ ಕುಡಿದು ಬರುವ ರೋಗಿಗಳನ್ನೂ ಗಲಾಟೆ ಮಾಡುವ ಸಂಬಂಧಿಕರನ್ನೂ ಸಂಭಾಳಿಸಲು ಗಂಡಸರೇ ಬೇಕು ಎಂದು ನಾವೆಲ್ಲ ನಂಬಿದ್ದೆವು. ಹೊಸದಾಗಿ ಸೇರಿದ ಹುಡುಗಿಯರಿಗೆ ಕಂಪ್ಯೂಟರ್ ಎಂಟ್ರಿ, ಇಂಡೆಂಟ್, ರಿಜಿಸ್ಟರುಗಳು. ಐವತ್ತು ದಾಟಿದವರಿಗೆ ಬೆಳಗಿನ ಪಾಳಿ, ಡ್ರೆಸ್ಸಿಂಗ್, ಡಾಕ್ಟರರ ರೌಂಡ್ಸ್. ಇದನ್ನು ನಾನು ಅನುಭವ ಎಂದು ಕರೆದುಕೊಳ್ಳುತ್ತಿದ್ದೆ. ಅದರಲ್ಲಿ ಅನುಭವ ಎಷ್ಟು, ಎಂದೋ ಯಾರಿಂದಲೋ ಕೇಳಿ ಮನಸ್ಸಿನಲ್ಲಿ ಕೂತುಬಿಟ್ಟ ಮಾತು ಎಷ್ಟು ಎಂದು ಬೇರ್ಪಡಿಸಿ ನೋಡುವಂತೆ ಮಾಡಿದ್ದು ಶ್ರಾವಣದ ಒಂದು ರಾತ್ರಿ.

ಅಂದು ಯಾರೋ ರಜೆ ಹಾಕಿದ್ದರಿಂದ ನಾನೇ ರಾತ್ರಿ ಪಾಳಿಗೆ ಬಂದಿದ್ದೆ. ಜೊತೆಗಿದ್ದವಳು ಗುತ್ತಿಗೆ ಆಧಾರದ ಮೇಲೆ ಸೇರಿ ಎಂಟು ತಿಂಗಳಾಗಿದ್ದ ಇಪ್ಪತ್ನಾಲ್ಕರ ಹುಡುಗಿ. ಬೆಳಿಗ್ಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿದ್ದ, ಎಪ್ಪತ್ತೈದರ ಹತ್ತಿರದ ರೈತರೊಬ್ಬರು ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಹಾಸಿಗೆಯ ಸರಳು ಹಿಡಿದು ನರಳತೊಡಗಿದರು. ಬೆನ್ನಿಗೆ ಅರಿವಳಿಕೆ ಕೊಟ್ಟ ಮೇಲೆ ಮೂತ್ರ ಕಟ್ಟುವುದು ಸಾಮಾನ್ಯ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿದ್ದರೆ ಇನ್ನೂ ಹೆಚ್ಚು. ಮುಟ್ಟಿ ನೋಡಿದರೆ ಮೂತ್ರಕೋಶ ಹೊಕ್ಕಳಿನ ಹತ್ತಿರದವರೆಗೆ ಗಟ್ಟಿಯಾಗಿ ಬಿಗಿದಿತ್ತು. ಡ್ಯೂಟಿ ಡಾಕ್ಟರು ಅಪಘಾತದ ಕೇಸೊಂದರಲ್ಲಿ ಸಿಕ್ಕಿಬಿದ್ದಿದ್ದರು. ಮೂತ್ರ ಹೊರತೆಗೆಯುವ ನಳಿಗೆಯಾದ ಕ್ಯಾಥೆಟರ್ ಹಾಕಿಸಿ ಎಂದು ಫೋನಿನಲ್ಲಿಯೇ ಹೇಳಿದರು.

ನನ್ನ ಬಾಯಿಂದ ಬಂದ ಮೊದಲ ಮಾತು, "ಕ್ಯಾಶುವಾಲ್ಟಿಯಿಂದ ಬ್ರದರ್ ಕರೀರಿ" ಎಂಬುದು. ಗಂಡು ನರ್ಸನ್ನು ನಾವು ಬ್ರದರ್ ಎಂದೇ ಕರೆಯುವುದು. ಅಲ್ಲಿನ ಬ್ರದರ್ ಕೂಡ ಅದೇ ಅಪಘಾತದ ಗಾಯಾಳುಗಳ ಜೊತೆಯಲ್ಲಿದ್ದರು. ನಮ್ಮ ವಾರ್ಡಿನ ಬ್ರದರ್ ಬೆನ್ನುನೋವಿನಿಂದ ರಜೆಯಲ್ಲಿದ್ದರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಆಗ ನನಗೆ ಹೊಳೆದ ಸತ್ಯವೇನೆಂದರೆ, ಪುರುಷರ ವಾರ್ಡುಗಳಲ್ಲಿ ಇಷ್ಟು ವರ್ಷ ದುಡಿದ ನಾನು ಗಂಡು ರೋಗಿಗೆ ಕ್ಯಾಥೆಟರ್ ಹಾಕಿದ್ದು ಬೆರಳೆಣಿಕೆಯಷ್ಟು ಸಲ, ಅದೂ ತರಬೇತಿಯ ದಿನಗಳಲ್ಲಿ. ಹೆಣ್ಣುಮಕ್ಕಳು ಅದನ್ನು ಮಾಡುವುದಿಲ್ಲ ಎಂದು ಯಾವ ನಿಯಮದ ಪುಸ್ತಕದಲ್ಲಿಯೂ ಇಲ್ಲ. ನಮ್ಮ ಮೇಲಿನವರು ಬ್ರದರ್‌ನನ್ನು ಕರೆಯುತ್ತಿದ್ದರು, ನಾವೂ ಕರೆದೆವು, ಹೀಗೆ ಒಂದು ತಲೆಮಾರಿನ ಕೈಯಿಂದಲೇ ಆ ಕೆಲಸ ಬಿಟ್ಟುಹೋಯಿತು.

ಹುಡುಗಿ ಆಗಲೇ ಟ್ರೇ ಸಿದ್ಧ ಮಾಡಿಕೊಂಡಿದ್ದಳು. "ಮೇಡಂ, ನಾ ಹಾಕ್ತೀನ್ರಿ. ಹಿಂದಿನ ಆಸ್ಪತ್ರ್ಯಾಗ ಭಾಳ ಸಲ ಹಾಕೀನಿ" ಎಂದಳು. ಪರದೆ ಎಳೆದು, ಮುದುಕರ ತಲೆಯ ಬಳಿ ಬಗ್ಗಿ, "ಅಜ್ಜಾ, ನಳಿಗಿ ಹಾಕಿ ಉಚ್ಚಿ ತಗೀಬೇಕ್ರಿ. ನಾನ ಹಾಕ್ಲೇನು, ಗಂಡಮಕ್ಕಳು ಬರೂತನಾ ತಡೀತೀರೇನು?" ಎಂದು ಕೇಳಿದಳು. ನಾನು ಹಾಗೆ ಕೇಳುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮುದುಕರು ಕಣ್ಣು ಮುಚ್ಚಿಕೊಂಡೇ, "ಹಾಕವ್ವಾ, ನೀ ನನ್ನ ಮೊಮ್ಮಗಳ ಇದ್ದಂಗ. ಮೊದಲ ಈ ಸಂಕಟ ಇಳಸು" ಎಂದರು. ಅವಳು ಜೆಲ್ಲಿ ಹಾಕಿ, ಅದು ಮರಗಟ್ಟಿಸುವವರೆಗೆ ಅವಸರ ಮಾಡದೆ ಕಾಯುತ್ತಾ, ಎತ್ತು ಎಷ್ಟು, ಈ ಸಲ ಗೋವಿನಜೋಳ ಹೇಗಿದೆ ಎಂದು ಮಾತನಾಡಿಸುತ್ತಿದ್ದಳು. ಮೂತ್ರ ಬಂದ ಮೇಲೂ ನಳಿಗೆಯನ್ನು ಕವಲಿನವರೆಗೆ ಪೂರ್ತಿ ಒಳಕ್ಕೆ ಸಾಗಿಸಿ ನಂತರವೇ, ಅದು ಜಾರದಂತೆ ಒಳತುದಿಯಲ್ಲಿರುವ ಬಲೂನಿಗೆ ನೀರು ತುಂಬಿಸಿದಳು. ಗಂಡಸರಲ್ಲಿ ಅವಸರಪಟ್ಟು ಮೊದಲೇ ಬಲೂನು ಉಬ್ಬಿಸಿದರೆ ಮೂತ್ರನಾಳವೇ ಹರಿಯುವ ಅಪಾಯವಿದೆ. ಮುಂದೊಗಲನ್ನು ಮರಳಿ ಮುಂದಕ್ಕೆ ತರುವುದನ್ನೂ ಅವಳು ಮರೆಯಲಿಲ್ಲ. ನಾನು ಟಾರ್ಚು ಹಿಡಿದು ನಿಂತಿದ್ದೆ.

ಚೀಲದಲ್ಲಿ 900 ಮಿಲಿಲೀಟರ್ ದಾಟುತ್ತಿದ್ದಂತೆ ನಾನು ನಳಿಗೆಗೆ ಕ್ಲ್ಯಾಂಪ್ ಹಾಕಲು ಕೈ ಚಾಚಿದೆ. ಒಂದೇ ಸಲಕ್ಕೆ ಪೂರ್ತಿ ಖಾಲಿ ಮಾಡಿದರೆ ರಕ್ತಸ್ರಾವವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ ಎಂದೇ ನಮಗೆ ಕಲಿಸಿದ್ದು. "ಈಗ ಹಂಗ ನಿಲ್ಲಸೂದು ಬ್ಯಾಡ ಅಂತಾರ್ರಿ ಮೇಡಂ" ಎಂದಳು ಅವಳು, ದನಿಯನ್ನು ಆದಷ್ಟೂ ತಗ್ಗಿಸಿ. ಆಮೇಲೆ ನಾನು ಓದಿ ನೋಡಿದೆ. ನಿಧಾನವಾಗಿ ಬಿಟ್ಟುಬಿಟ್ಟು ಖಾಲಿ ಮಾಡಿದರೂ ಒಮ್ಮೆಲೇ ಖಾಲಿ ಮಾಡಿದರೂ ತೊಂದರೆಗಳಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಈಚಿನ ಅಧ್ಯಯನಗಳು ಹೇಳುತ್ತವೆ. ಅವಳು ಹೇಳಿದ್ದು ಸರಿ.

ಇದೇ ಹುಡುಗಿಯ ಬಗ್ಗೆ ಹಿಂದಿನ ವಾರವಷ್ಟೇ ನಾನು ಇನ್ನೊಬ್ಬ ಹಿರಿಯ ಸಹೋದ್ಯೋಗಿಯ ಹತ್ತಿರ, "ಈಗಿನ ಹುಡುಗ್ಯಾರಿಗೆ ರೋಗಿ ಜೊತಿ ಮಾತಾಡಾಕ ಬರಂಗಿಲ್ಲ, ಕೈಯಾಗ ಬರೀ ಫೋನು" ಎಂದಿದ್ದೆ. ಅವಳ ಕೈಯಲ್ಲಿ ಫೋನ್ ಇರುತ್ತಿದ್ದುದು ನಿಜ. ಅದರಲ್ಲಿ ಅವಳು ಏನು ನೋಡುತ್ತಾಳೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಕೆಲವೊಮ್ಮೆ ಔಷಧಿಯ ಪ್ರಮಾಣ, ಕೆಲವೊಮ್ಮೆ ಮನೆಯವರ ಸಂದೇಶ, ಎರಡೂ ಸಹಜವೇ. ನಾನು ನೋಡಿದ್ದು ಫೋನನ್ನು, ಕಟ್ಟಿಕೊಂಡದ್ದು ಒಂದು ಇಡೀ ಪೀಳಿಗೆಯ ಸ್ವಭಾವವನ್ನು.

ನಾನು ಹೊಸಬಳಾಗಿದ್ದಾಗ ಇದೇ ಮಾತು ನನ್ನ ಕಿವಿಗೂ ಬಿದ್ದಿತ್ತು. ಗಾಜಿನ ಸಿರಿಂಜುಗಳನ್ನು ಕುದಿಸಿ, ಮೊಂಡಾದ ಸೂಜಿಗಳನ್ನು ಕಲ್ಲಿನ ಮೇಲೆ ಮಸೆದು ಕೆಲಸ ಮಾಡಿದ್ದ ಹಿರಿಯರಿಗೆ, ಒಮ್ಮೆ ಬಳಸಿ ಎಸೆಯುವ ಸಿರಿಂಜು ಹಿಡಿದು ಬಂದ ನಾವು ಸುಖಕ್ಕೆ ಒಗ್ಗಿದವರಾಗಿ ಕಂಡಿದ್ದೆವು. ಅವರ ಕೆಲಸದ ಶಿಸ್ತನ್ನು ನಾನು ಇಂದಿಗೂ ನೆನೆಯುತ್ತೇನೆ. ಆದರೆ ಅವರ ಎದುರು ಪ್ರಶ್ನೆ ಕೇಳಲು ಹೆದರಿ, ತಿಳಿಯದಿದ್ದರೂ ತಲೆಯಾಡಿಸಿದ ದಿನಗಳನ್ನು ಮರೆತಿಲ್ಲ. ಹೊಸ ನರ್ಸ್ ಪ್ರಶ್ನೆ ಕೇಳಲು ಹೆದರಿದರೆ ಅದರ ಬೆಲೆಯನ್ನು ತೆರುವವನು ಹಾಸಿಗೆಯ ಮೇಲೆ ಮಲಗಿರುವ ರೋಗಿ. ಇದರ ಜೊತೆಗೆ ಓದಿನ ಬೇಲಿಯೊಂದಿದೆ: ಬಿ.ಎಸ್ಸಿ. ನರ್ಸಿಂಗ್ ಪದವಿ ಮಾಡಿದವರಿಗೆ ಪುಸ್ತಕ ಮಾತ್ರ ಗೊತ್ತು, ಜಿಎನ್‌ಎಂ ಡಿಪ್ಲೊಮಾ ಮಾಡಿದವರಿಗೆ ಕೈಕೆಲಸ ಮಾತ್ರ ಗೊತ್ತು ಎಂಬ ಮಾತು ಯಾವ ಆಸ್ಪತ್ರೆಗೆ ಹೋದರೂ ಕೇಳಿಬರುತ್ತದೆ.

ಹಿರಿಯರ ಕುರಿತಾದ ಪೂರ್ವಗ್ರಹ ಇಷ್ಟು ಒರಟಾಗಿರುವುದಿಲ್ಲ. ಅದು ಗೌರವದ ಸೆರಗು ಹೊದ್ದು ಬರುತ್ತದೆ. ನಮ್ಮಲ್ಲಿ ಇ-ಹಾಸ್ಪಿಟಲ್ ತಂತ್ರಾಂಶದ ತರಬೇತಿಗೆ ಹೆಸರು ಕೊಡುವಾಗ ಕಿರಿಯರ ಹೆಸರುಗಳನ್ನೇ ಕಳುಹಿಸಲಾಯಿತು. "ನಿಮಗ್ಯಾಕ್ರಿ ಮೇಡಂ ಈ ತ್ರಾಸು, ನಾವದೀವಲ್ಲ" ಎಂದು ಅವರು ಪ್ರೀತಿಯಿಂದಲೇ ಹೇಳಿದರು, ನಾನೂ ಪ್ರೀತಿಯೆಂದೇ ಸ್ವೀಕರಿಸಿದೆ. ಅದರ ಫಲವಾಗಿ, ಒಂದು ರಾತ್ರಿ ರೋಗಿಯ ಪೊಟ್ಯಾಸಿಯಂ ವರದಿ ಕಂಪ್ಯೂಟರಿನಲ್ಲಿ ಬಂದು ಕೂತಿದ್ದರೂ ಅದನ್ನು ತೆರೆದು ನೋಡಲು ಬಾರದೆ ಲ್ಯಾಬಿನವರೆಗೆ ನಡೆದುಹೋಗಿ ಬರಬೇಕಾಯಿತು. ನನಗಿಂತ ಎರಡು ವರ್ಷ ದೊಡ್ಡವರಾದ, ಪಕ್ಕದ ವಾರ್ಡಿನ ಇನ್‌ಚಾರ್ಜ್ ಅದನ್ನು ಯಾರೂ ಕಳುಹಿಸದಿದ್ದರೂ ತಾವೇ ಕುಳಿತು ಹದಿನೈದು ದಿನಗಳಲ್ಲಿ ಕಲಿತಿದ್ದರು. ವಯಸ್ಸು ಅಡ್ಡಿಯಾಗಿದ್ದರೆ ಅವರಿಗೂ ಅಡ್ಡಿಯಾಗಬೇಕಿತ್ತು. ಈಗ ನಾನೂ ಕಲಿತಿದ್ದೇನೆ.

ಬೆನ್ನುನೋವಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದರಲ್ಲಿ ನನ್ನ ಪಾಲಿನ ತಪ್ಪು ದೊಡ್ಡದು.

ನಮ್ಮ ವಾರ್ಡಿನ ಬ್ರದರ್‌ಗೆ ಮೂವತ್ತೊಂದು ವರ್ಷ. ಎತ್ತರದ ಆಳು, ಗಟ್ಟಿ ಮೈಕಟ್ಟು. ಥಿಯೇಟರಿನಿಂದ ಬಂದ ರೋಗಿಯನ್ನು ಸ್ಟ್ರೆಚರಿನಿಂದ ಹಾಸಿಗೆಗೆ ಹಾಕಬೇಕೆಂದರೆ, ಪಾರ್ಶ್ವವಾಯು ಬಡಿದವರನ್ನು ಮಗ್ಗುಲು ತಿರುಗಿಸಬೇಕೆಂದರೆ, ಆಕ್ಸಿಜನ್ ಸಿಲಿಂಡರ್ ಉರುಳಿಸಿ ತರಬೇಕೆಂದರೆ, ಕೊನೆಗೆ ಶವವನ್ನು ಸಾಗಿಸಬೇಕೆಂದರೂ ಅವರ ಹೆಸರನ್ನೇ ಕೂಗುತ್ತಿದ್ದೆವು. ರಾತ್ರಿ ಪಾಳಿಯಲ್ಲಿ ಮಹಡಿಯ ಇತರ ವಾರ್ಡುಗಳಿಂದಲೂ ಅವರಿಗೆ ಕರೆ ಬರುತ್ತಿತ್ತು. ತಮ್ಮ ರೋಗಿಗಳ ಔಷಧಿಯ ಹೊತ್ತು ತಪ್ಪಿದರೆ ಬೈಗುಳವೂ ಅವರಿಗೇ. ಅವರು ಒಂದು ದಿನವೂ ಒಲ್ಲೆ ಎನ್ನಲಿಲ್ಲ. ಗಂಡಸಾಗಿ ಭಾರ ಎತ್ತಲಾರೆ ಎನ್ನುವುದು ಹೇಗೆ ಎಂದು ಸುಮ್ಮನಿದ್ದೆ ಎಂದು ಆಮೇಲೆ ಹೇಳಿದರು. ಸೊಂಟದ ಡಿಸ್ಕ್ ಜಾರಿ, ಎಡಗಾಲಿನವರೆಗೆ ನೋವು ಇಳಿದು, ಆರು ವಾರ ಮಲಗಿದಾಗಲೇ ನಮಗೆ ಎಚ್ಚರವಾದದ್ದು.

ರೋಗಿಯನ್ನು ಎತ್ತುವುದು ತೋಳಿನ ಬಲದ ಕೆಲಸವೇ ಅಲ್ಲ. ರೋಗಿಯ ಕೆಳಗೆ ಅಡ್ಡ ಹಾಸಿದ ಡ್ರಾ ಶೀಟಿನ ಎರಡೂ ಬದಿಗೆ ಇಬ್ಬಿಬ್ಬರು ನಿಂತು, ಅಂಚನ್ನು ಸುರುಳಿ ಸುತ್ತಿ ಮೈಗೆ ಹತ್ತಿರ ಹಿಡಿದು, ಮಂಡಿ ಬಗ್ಗಿಸಿ, ಒಬ್ಬರು ಎಣಿಸಿದಂತೆ ಒಟ್ಟಿಗೆ ಜರುಗಿಸಿದರೆ ಐವತ್ತರ ಹೆಂಗಸರೂ ನೂರು ಕಿಲೋದ ಮನುಷ್ಯನನ್ನು ಸರಿಸಬಲ್ಲರು. ಇದನ್ನು ತರಬೇತಿಯ ಮೊದಲ ವರ್ಷದಲ್ಲಿಯೇ ಎಲ್ಲರಿಗೂ ಕಲಿಸಿರುತ್ತಾರೆ. ಬ್ರದರ್ ಇದ್ದಾರೆಂಬ ಧೈರ್ಯಕ್ಕೆ ನಾವು ಕಲಿತದ್ದನ್ನು ಬದಿಗಿಟ್ಟೆವು, ಅವರು ತಮ್ಮ ಬೆನ್ನನ್ನು ಕೊಟ್ಟರು.

ಗಂಡಸರಾದವರಿಗೆ ಇದರಿಂದ ನಷ್ಟವೇ ಆಗುತ್ತದೆ ಎಂದರೆ ಅದೂ ಪೂರ್ತಿ ಸತ್ಯವಲ್ಲ. ಅದೇ ಬ್ರದರ್ ಹಾಸಿಗೆಯ ಹತ್ತಿರ ಹೋದರೆ ರೋಗಿಯ ಕಡೆಯವರು ಎದ್ದು ನಿಂತು "ಡಾಕ್ಟ್ರೇ" ಎನ್ನುತ್ತಾರೆ. ಅವರ ಹಿಂದೆಯೇ ಸ್ಟೆತಸ್ಕೋಪ್ ಹಾಕಿಕೊಂಡು ಬರುವ ಸರ್ಜನ್ ಮೇಡಂರನ್ನು "ಸಿಸ್ಟರ್, ಈ ಬಾಟ್ಲಿ ಮುಗಿದೈತಿ ನೋಡ್ರಿ" ಎಂದು ಕರೆಯುತ್ತಾರೆ. ಇಪ್ಪತ್ತು ವರ್ಷ ಸೇವೆ ಮಾಡಿದ ಹೆಂಗಸು ಹೇಳಿದ ಪಥ್ಯವನ್ನು ಕಿವಿಗೆ ಹಾಕಿಕೊಳ್ಳದವರು, ನಿನ್ನೆ ಸೇರಿದ ಹುಡುಗ ಹೇಳಿದರೆ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಹೆಂಗಸರೇ ಹೆಚ್ಚಾಗಿರುವ ವೃತ್ತಿಗಳಿಗೆ ಬಂದ ಗಂಡಸರು ತಾವು ಬಯಸದಿದ್ದರೂ ಮೇಲಿನ ಹುದ್ದೆಗಳ ಕಡೆಗೆ ಸಾಗಿಸಲ್ಪಡುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿಯೇ ಗುರುತಿಸಿ, ಅದಕ್ಕೆ ಗಾಜಿನ ಎಸ್ಕಲೇಟರ್ ಎಂದು ಹೆಸರಿಟ್ಟರು. ಆದರೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಮಾತ್ರ ನಮ್ಮ ಬ್ರದರ್ "ನರ್ಸ್" ಎಂಬ ಪದವನ್ನು ಬಳಸದೆ, ಆಸ್ಪತ್ರೆಯಲ್ಲಿ ಸರ್ಕಾರಿ ನೌಕರಿ ಎಂದಷ್ಟೇ ಹೇಳಿದರಂತೆ.

ಭಾಷೆಯಲ್ಲಿಯೂ ಈ ಗಂಟು ಬಿದ್ದಿದೆ. ಪತ್ರಿಕೆಗಳು ಪ್ರತಿ ವರ್ಷ ಮೇ 12ರಂದು ದಾದಿಯರ ದಿನದ ಶುಭಾಶಯ ಹೇಳುತ್ತವೆ. ದಾದಿ ಎಂಬುದು ಮಗುವನ್ನು ಎತ್ತಿ ಆಡಿಸುವ ಹೆಂಗಸಿಗೆ ಇದ್ದ ಪದ, ಅದಕ್ಕೆ ಪುಲ್ಲಿಂಗವಿಲ್ಲ. ಸಿಸ್ಟರ್ ಎಂಬುದು ಕ್ರೈಸ್ತ ಸಂನ್ಯಾಸಿನಿಯರಿಂದ ಬಂದದ್ದು. ನಮ್ಮ ಈಗಿನ ಅಧಿಕೃತ ಪದನಾಮವಾದ ಶುಶ್ರೂಷಾಧಿಕಾರಿ ಗಂಡು ಹೆಣ್ಣು ಇಬ್ಬರಿಗೂ ಒಪ್ಪುತ್ತದೆ. ಶುಶ್ರೂಷೆ ಎಂಬ ಪದದ ಮೂಲ ಅರ್ಥ ಕೇಳಿಸಿಕೊಳ್ಳುವ ಇಚ್ಛೆ ಎಂದು ತಿಳಿದ ದಿನದಿಂದ ಆ ಪದನಾಮದ ಮೇಲೆ ನನಗೆ ಇನ್ನಷ್ಟು ಅಭಿಮಾನ ಬೆಳೆದಿದೆ. ಚರಕಸಂಹಿತೆ ಪರಿಚಾರಕನಿಗೆ ಇರಬೇಕಾದ ನಾಲ್ಕು ಗುಣಗಳನ್ನು ಹೇಳುತ್ತದೆ: ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ. ಗಂಡೋ ಹೆಣ್ಣೋ, ಎಳೆಯರೋ ಹಿರಿಯರೋ ಎಂಬುದು ಆ ನಾಲ್ಕರಲ್ಲಿ ಒಂದಾಗಿಲ್ಲ.

ಈ ವೃತ್ತಿ ಹೆಣ್ಣಿನದೇ ಎಂಬ ಭಾವನೆ ನಾವು ಅಂದುಕೊಂಡಷ್ಟು ಹಳೆಯದೂ ಅಲ್ಲ. ಯೂರೋಪಿನಲ್ಲಿ ಧಾರ್ಮಿಕ ಪಂಥಗಳ ಗಂಡಸರು ಶತಮಾನಗಳ ಕಾಲ ರೋಗಿಗಳ ಸೇವೆ ಮಾಡಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದು, ಮನೆಯಾಚೆ ಗೌರವದ ದುಡಿಮೆಯೇ ಇಲ್ಲದ ಹೆಂಗಸರಿಗೆ ಅದನ್ನು ವೃತ್ತಿಯಾಗಿ ಕಟ್ಟಿಕೊಟ್ಟರು. ಆ ಉಪಕಾರ ಸಣ್ಣದಲ್ಲ, ನನ್ನಂಥವರ ಅನ್ನವೇ ಅದು. ಆದರೆ ಅದೇ ಬಾಗಿಲಲ್ಲಿ ಗಂಡಸರು ಹೊರಗುಳಿದರು. ಇಂಗ್ಲೆಂಡಿನಲ್ಲಿ 1919ರ ಕಾನೂನಿನಡಿ ಪುರುಷ ನರ್ಸುಗಳ ಹೆಸರನ್ನು ಬೇರೆಯದೇ ಪಟ್ಟಿಯಲ್ಲಿ ಬರೆಯುತ್ತಿದ್ದರು. ಅದನ್ನು ಮುಖ್ಯ ಪಟ್ಟಿಗೆ ಸೇರಿಸಲು 1949ರ ಇನ್ನೊಂದು ಕಾನೂನು ಬೇಕಾಯಿತು. ನಮ್ಮ ದೇಶದ ಮಿಲಿಟರಿ ನರ್ಸಿಂಗ್ ಸೇವೆಗೆ, ಎರಡನೇ ಮಹಾಯುದ್ಧದ ಕಾಲದ, 1943ರ ಸುಗ್ರೀವಾಜ್ಞೆಯಂತೆ ಮಹಿಳೆಯರನ್ನು ಮಾತ್ರ ಅಧಿಕಾರಿಗಳಾಗಿ ತೆಗೆದುಕೊಳ್ಳಲಾಗುತ್ತಿತ್ತು. ಅದರ 6ನೇ ಸೆಕ್ಷನ್ನಿನಲ್ಲಿದ್ದ, ಮಹಿಳೆಯಾಗಿದ್ದರೆ ಎಂಬ ಅರ್ಥದ ಮಾತನ್ನು ಅಸಾಂವಿಧಾನಿಕವೆಂದು ನಮ್ಮ ಹೈಕೋರ್ಟಿನ ಧಾರವಾಡ ಪೀಠ ತೀರ್ಪು ಕೊಟ್ಟದ್ದು 2025ರ ಜನವರಿಯಲ್ಲಿ. ಬ್ರದರ್ ಆ ಸುದ್ದಿಯ ಪತ್ರಿಕೆಯನ್ನು ಮಡಚಿ ತಂದು ನನ್ನ ಮೇಜಿನ ಮೇಲಿಟ್ಟು, ಏನೂ ಹೇಳದೆ ಇಂಜೆಕ್ಷನ್ ಟ್ರೇ ತೆಗೆದುಕೊಂಡು ಹೋದರು.

ಇಷ್ಟನ್ನೆಲ್ಲ ಯೋಚಿಸಿದ ಮೇಲೆ ನನಗೆ ಮನವರಿಕೆಯಾಗಿರುವ ಒಂದು ವಿಷಯವಿದೆ. ಪೂರ್ವಗ್ರಹವನ್ನು ನಾವು ಮನಸ್ಸಿನ ದೋಷವೆಂದು ಭಾವಿಸಿ, ಉಪನ್ಯಾಸ ಕೊಟ್ಟು ತಿದ್ದಲು ನೋಡುತ್ತೇವೆ. ವಾರ್ಡಿನಲ್ಲಿ ಅದು ಕೆಲಸ ಹಂಚುವ ಉಪಕರಣವಾಗಿ ಬಳಕೆಯಾಗುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಬೋಧಕ ಆಸ್ಪತ್ರೆಯಾದರೆ 3 ರೋಗಿಗಳಿಗೆ, ಉಳಿದೆಡೆ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ನಮ್ಮಲ್ಲಿ ರಾತ್ರಿ 40 ಹಾಸಿಗೆಗೆ ಇಬ್ಬರಿರುತ್ತೇವೆ. ಯಾರಿಗೆ ಏನು ಬರುತ್ತದೆ, ಯಾರಿಗೆ ಏನನ್ನು ಕಲಿಸಬೇಕು, ಯಾರ ಮೈ ಎಷ್ಟು ದಣಿದಿದೆ ಎಂದು ಒಬ್ಬೊಬ್ಬರನ್ನೇ ಕೇಳಲು ಹೊತ್ತು ಬೇಕು. ಹೊತ್ತಿಲ್ಲದಾಗ ಮುಖ ನೋಡಿ ಹಂಚುತ್ತೇವೆ: ಗಂಡಸು, ಭಾರ ಎತ್ತಲಿ, ಚಿಕ್ಕವಳು, ಕಂಪ್ಯೂಟರಿಗೆ ಕೂರಲಿ, ವಯಸ್ಸಾದವರು, ಹೊಸದನ್ನು ಕಲಿಯುವುದು ಬೇಡ. ಹಂಚಿದ್ದನ್ನೇ ವರ್ಷಗಟ್ಟಲೆ ಮಾಡಿದ ಮೇಲೆ ಅವರವರಿಗೆ ಅದೊಂದೇ ಬರುತ್ತದೆ, ಆಗ ನಾವು ಹೇಳಿದ್ದು ನಿಜವೇ ಆಯಿತಲ್ಲ ಎನ್ನುತ್ತೇವೆ.

ಕಿರಿಯರಿಗೆ ನಿಷ್ಠೆಯಿಲ್ಲ, ಎರಡು ವರ್ಷ ಇದ್ದು ವಿದೇಶಕ್ಕೆ ಹಾರುತ್ತಾರೆ ಎಂಬ ದೂರೂ ಹೀಗೆಯೇ. ಆ ರಾತ್ರಿ ಕ್ಯಾಥೆಟರ್ ಹಾಕಿದ ಹುಡುಗಿ ಈಗ ವಿದೇಶದ ಆಸ್ಪತ್ರೆಗಳ ಕೆಲಸಕ್ಕಾಗಿ ಬರೆಯುವ ಇಂಗ್ಲಿಷಿನ ಓಇಟಿ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಓದಿಗಾಗಿ ಮನೆಯವರು ಮಾಡಿದ ಸಾಲ ಇನ್ನೂ ತೀರಿಲ್ಲ, ಗುತ್ತಿಗೆಯ ಅವಧಿ ಮುಗಿದ ಮೇಲೆ ಮುಂದುವರಿಯುತ್ತದೋ ಇಲ್ಲವೋ ಅವಳಿಗೂ ತಿಳಿಯದು, ನನಗೂ ತಿಳಿಯದು. ನಾನು ಸೇರಿದ್ದು ಕಾಯಂ ನೌಕರಿಗೆ, ಪಿಂಚಣಿಯ ಭರವಸೆಯೊಂದಿಗೆ. ನನ್ನ ಇಪ್ಪತ್ತೇಳು ವರ್ಷಗಳನ್ನು ನಿಷ್ಠೆಯೆಂದೂ ಅವಳ ಪರೀಕ್ಷೆಯನ್ನು ಚಂಚಲತೆಯೆಂದೂ ಕರೆಯುವ ಹಕ್ಕು ನನಗಿಲ್ಲ.

ಈಗ ಪಟ್ಟಿಯಲ್ಲಿ ಕೆಲವು ಬದಲಾವಣೆ ಮಾಡಿದ್ದೇನೆ. ರಾತ್ರಿ ಪಾಳಿ ಎಲ್ಲರಿಗೂ ಸಮವಾಗಿ ಬರುತ್ತದೆ, ನನ್ನನ್ನೂ ಸೇರಿಸಿ. ಗಲಾಟೆಯಾದರೆ ಸೆಕ್ಯೂರಿಟಿಯವರನ್ನು ಕರೆಯುತ್ತೇವೆ. ಅದು ಅವರ ಕೆಲಸ, ಬ್ರದರ್‌ನ ಕೆಲಸವಲ್ಲ. ರೋಗಿಯನ್ನು ಜರುಗಿಸಲು ನಾಲ್ವರು ಕೂಡುವವರೆಗೆ ಸ್ಟ್ರೆಚರ್ ಕಾಯುತ್ತದೆ. ಇದಕ್ಕೆ ಥಿಯೇಟರಿನವರು ಮೊದಮೊದಲು ಸಿಡಿಮಿಡಿಗೊಂಡರು.

ಬಗೆಹರಿಯದೆ ಉಳಿದಿರುವುದು ಒಂದು. ಬ್ರದರ್‌ಗೆ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ಆಸೆಯಿದೆ. ಬಿ.ಎಸ್ಸಿ.ಯಲ್ಲಿ ಎಲ್ಲರಂತೆ ಅವರೂ ಹೆರಿಗೆಯ ಪಾಠ ಓದಿದ್ದಾರೆ, ಬೆನ್ನು ಕೆಟ್ಟ ಮೇಲೆ ಭಾರ ಎತ್ತುವ ವಾರ್ಡಿನಿಂದ ಅವರಿಗೆ ಬಿಡುಗಡೆಯೂ ಬೇಕಾಗಿದೆ. ಹೆರಿಗೆ ಮಾಡಿಸುವ ಡಾಕ್ಟರು ಗಂಡಸಾದರೆ ಆಕ್ಷೇಪವೆತ್ತದ ನಾವು ನರ್ಸ್ ಗಂಡಸಾದಾಗ ಮಾತ್ರ ಏಕೆ ಹಿಂಜರಿಯುತ್ತೇವೆ ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನೋವು ತಿನ್ನುತ್ತಿರುವ ತಾಯಿಯ ಸಂಕೋಚ ನಿಜವಾದದ್ದು, ಅದನ್ನು ತುಳಿದು ಯಾರ ಹಕ್ಕನ್ನೂ ಕಟ್ಟಬಾರದು ಎಂಬುದರಲ್ಲಿಯೂ ನನಗೆ ಅನುಮಾನವಿಲ್ಲ. ಆದರೆ ಪುರುಷರ ವಾರ್ಡಿನ ಗಂಡಸರ ಸಂಕೋಚದ ಬಗ್ಗೆ ನಾವು ಎಂದೂ ವಿಚಾರಿಸಲಿಲ್ಲವಲ್ಲ. ಆ ಹುಡುಗಿ ಅಜ್ಜನನ್ನು ಕೇಳಿದಂತೆ ಪ್ರತಿಯೊಬ್ಬ ತಾಯಿಯನ್ನೂ ಕೇಳಿ, ಒಪ್ಪಿದವರ ಬಳಿ ಮಾತ್ರ, ಒಬ್ಬ ಹೆಣ್ಣು ಸಿಬ್ಬಂದಿಯ ಜೊತೆಯಲ್ಲಿ ಅವರನ್ನು ನಿಯೋಜಿಸಬಹುದೇ ಎಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಪತ್ರ ಬರೆದಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಮುಂದಿನ ತಿಂಗಳ ಪಟ್ಟಿಯಲ್ಲಿ ಎಲ್ಲ ಹೆಸರುಗಳನ್ನೂ ಪೆನ್ನಿನಲ್ಲಿ ತಿದ್ದಿ ಮುಗಿಸಿದ್ದೇನೆ; ಅವರ ಸಾಲೊಂದು ಮಾತ್ರ ಪೆನ್ಸಿಲ್ಲಿನಲ್ಲಿಯೇ ಇದೆ.